ಡಾಕ್ಟರಾಗಿ ಇಷ್ಟೊತ್ತು ಫೋನಿನಲ್ಲಿ ಏನು ನೋಡ್ತೀರಿ?

ಈ ಪ್ರಶ್ನೆಯನ್ನು ಮನೆಯವರೂ ಕೇಳುತ್ತಾರೆ, ಡ್ಯೂಟಿ ರೂಮಿನಲ್ಲಿ ಕಿರಿಯರೂ ಕೇಳುತ್ತಾರೆ. "ಅಷ್ಟು ವರ್ಷ ಓದಿ ಸ್ಪೆಷಲಿಸ್ಟ್ ಆಗಿದ್ದೀರಿ, ಪುಸ್ತಕ ಇದೆ, ಜರ್ನಲ್ ಇದೆ. ಸೋಷಿಯಲ್ ಮೀಡಿಯಾದಲ್ಲಿ ಕಲಿಯೋಕೆ ಏನಿದೆ ಸರ್?"

ನಾನು ತುರ್ತು ಚಿಕಿತ್ಸಾ ವಿಭಾಗದ ವೈದ್ಯ. ಇಲ್ಲಿ ಎಷ್ಟು ವರ್ಷ ದುಡಿದರೂ ತಿಳಿಯದ ಒಂದು ಸಂಗತಿ ಅಲ್ಲಿ ತಿಳಿಯುತ್ತದೆ: ಆಮೇಲೆ ಏನಾಯಿತು ಅಂತ. ರೋಗಿ ಬರುತ್ತಾರೆ, ನಮಗೆ ತೋಚಿದ್ದನ್ನು ಮಾಡಿ ಮೇಲಿನ ವಾರ್ಡಿಗೆ ಕಳಿಸುತ್ತೇವೆ, ಅಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ನನ್ನ ಅಂದಾಜು ಸರಿಯಿತ್ತೋ ತಪ್ಪಿತ್ತೋ ಅನ್ನುವುದು ಬಹಳ ಸಲ ನನ್ನ ಕಿವಿಗೆ ಬೀಳುವುದೇ ಇಲ್ಲ. ಗೊತ್ತಾಗದ ತಪ್ಪು ಮತ್ತೆ ಮತ್ತೆ ಆಗುತ್ತದೆ.

ಆನ್‌ಲೈನಿನಲ್ಲಿ ಒಳ್ಳೆಯ ಕೇಸ್ ಚರ್ಚೆ ನಡೆಯುವ ರೀತಿಯೇ ಬೇರೆ. ಒಬ್ಬರು ಇಸಿಜಿ ಮಾತ್ರ ಹಾಕುತ್ತಾರೆ, ಉತ್ತರ ಹೇಳುವುದಿಲ್ಲ. ಬೇರೆ ಬೇರೆ ದೇಶಗಳ ಹೃದ್ರೋಗ ತಜ್ಞರು, ನಮ್ಮಂಥವರು ತಂತಮ್ಮ ಊಹೆ ಬರೆಯುತ್ತಾರೆ, ವಾದ ಮಾಡುತ್ತಾರೆ. ಮರುದಿನ ಆಂಜಿಯೋಗ್ರಾಂ ಬರುತ್ತದೆ. ಆಗ ನನ್ನ ಊಹೆಯ ಎದುರಿಗೇ ಉತ್ತರ ಇರುತ್ತದೆ.

'ಡಿ ವಿಂಟರ್' ಎಂಬ ಇಸಿಜಿ ಚಹರೆಯನ್ನು ನಾನು ಕಲಿತದ್ದು ಹೀಗೆ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ನಾಳ ಮುಚ್ಚಿದಾಗ ಸಾಮಾನ್ಯವಾಗಿ ಇಸಿಜಿಯಲ್ಲಿ ಪ್ರತಿ ಬಡಿತದ ಚೂಪು ಶಿಖರ ಮುಗಿದ ಮೇಲಿನ ಗೆರೆ, ಅಂದರೆ ಎಸ್‌ಟಿ ಭಾಗ, ಮೇಲೇಳುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಗೆರೆ ಮೊದಲು ಕೆಳಗಿಳಿಯುತ್ತದೆ, ಅಲ್ಲಿಂದ ಓರೆಯಾಗಿ ಹತ್ತಿ, ಅದರ ಮುಂದೆ ಬರುವ ಎತ್ತರದ ಟಿ ಅಲೆಯೊಳಗೆ ಸೇರಿಬಿಡುತ್ತದೆ. 2008ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ವರದಿ ಮಾಡಿದಾಗ, ಅವರು ನೋಡಿದ ಇಂಥ ಹೃದಯಾಘಾತದ 1,532 ರೋಗಿಗಳಲ್ಲಿ 30 ಮಂದಿಯಲ್ಲಿ ಮಾತ್ರ ಇದು ಕಂಡಿತ್ತು. ನೂರಕ್ಕೆ ಇಬ್ಬರು. ನನ್ನ ವಿಭಾಗದಲ್ಲೇ ನೋಡಿ ಕಲಿಯುತ್ತೇನೆ ಅಂದರೆ ವರ್ಷಗಟ್ಟಲೆ ಕಾಯಬೇಕು.

ಒಂದು ರಾತ್ರಿ ಎರಡೂವರೆಗೆ, ನಲವತ್ತರ ಆಸುಪಾಸಿನ ಒಬ್ಬರು ಎದೆ ಹಿಡಿದುಕೊಂಡು ಬಂದರು. ಮೈಯೆಲ್ಲ ಬೆವರು. ಕಿರಿಯ ಡಾಕ್ಟರು ಇಸಿಜಿ ತಂದು, "ಎಸ್‌ಟಿ ಎದ್ದಿಲ್ಲ ಸರ್, ರಕ್ತದ ರಿಪೋರ್ಟ್ ಬರಲಿ" ಅಂದರು. ನಿಯಮದ ಪ್ರಕಾರ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಎದೆಯ ಮೇಲಿನ ತಂತಿಗಳು ಬರೆಯುವ ಭಾಗಗಳಲ್ಲಿ, ವಿ2ರಿಂದ ವಿ4ರವರೆಗೆ, ಆ ಓರೆ ಗೆರೆ ಇತ್ತು. ಫೋನಿನ ಪರದೆಯ ಮೇಲೆ ಹತ್ತಾರು ಸಲ ಕಂಡಿದ್ದ ಅದೇ ಗೆರೆ. ಕಾಗದದಲ್ಲಿ ಅಂದೇ ಮೊದಲ ಸಲ ನೋಡಿದ್ದು. ಹೃದ್ರೋಗ ತಜ್ಞರನ್ನು ಎಬ್ಬಿಸಿದೆ. ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ನೋಡಿದರೆ ಎಲ್‌ಎಡಿ ಪೂರ್ತಿ ಮುಚ್ಚಿತ್ತು.

ಮೂತ್ರಪಿಂಡ ತಜ್ಞರ ದಾರಿ ಇನ್ನೊಂದು ಥರ. 2014ರಲ್ಲಿ ಟ್ವಿಟರ್‌ನಲ್ಲಿ 'ನೆಫ್‌ಜೆಸಿ' ಶುರುವಾಯಿತು. ಒಂದು ಸಂಶೋಧನಾ ಲೇಖನ ಹಿಡಿದುಕೊಂಡು ನಿಗದಿತ ಹೊತ್ತಿನಲ್ಲಿ ಎಲ್ಲರೂ ಚರ್ಚಿಸುವುದು. ಎಷ್ಟೋ ಸಲ ಲೇಖನ ಬರೆದವರೇ ಬಂದು ಉತ್ತರ ಕೊಡುತ್ತಾರೆ. ಕಾಲೇಜಿನ ಜರ್ನಲ್ ಕ್ಲಬ್ಬಿನಲ್ಲಿ ಅದೆಲ್ಲಿ ಸಾಧ್ಯ?

ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಯಾರೂ ಮಾಮೂಲಿ ಕೇಸ್ ಹಾಕುವುದಿಲ್ಲ, ತಾವು ಎಡವಿದ್ದನ್ನು ಹಾಕುವವರಂತೂ ಬಹಳ ಕಡಿಮೆ. ಅಪರೂಪದ್ದನ್ನೇ ದಿನವಿಡೀ ನೋಡಿದರೆ ಎಲ್ಲ ಎದೆನೋವೂ ಅಪರೂಪದ್ದೇ ಅನ್ನಿಸತೊಡಗುತ್ತದೆ. ಆದ್ದರಿಂದ ಒಂದು ಪೋಸ್ಟ್ ನೋಡಿ ನಾನು ಎಂದೂ ಚಿಕಿತ್ಸೆ ಬದಲಿಸಿಲ್ಲ, ಮೂಲ ಲೇಖನ ತೆಗೆದು ಓದುತ್ತೇನೆ. ಮೂಲ ಲೇಖನವೂ ಕೈಕೊಡುವುದುಂಟು. 2020ರ ಮೇ 22ರಂದು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಜರ್ನಲ್‌ನಲ್ಲಿ, ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯ ಬಗ್ಗೆ ಬಂದ ಅಧ್ಯಯನ ನೆನಪಿರಬಹುದು. ಏಪ್ರಿಲ್ 21ರ ಹೊತ್ತಿಗೆ ಆಸ್ಟ್ರೇಲಿಯಾದ ಐದೇ ಆಸ್ಪತ್ರೆಗಳಲ್ಲಿ 73 ಸಾವು ಎಂದಿತ್ತು ಅದು. ಆ ದಿನಾಂಕಕ್ಕೆ ಇಡೀ ದೇಶದಲ್ಲಿ ದಾಖಲಾಗಿದ್ದದ್ದು 67. ಜಗತ್ತಿನ ಸಂಶೋಧಕರು ಬಹಿರಂಗವಾಗಿ ಪ್ರಶ್ನೆ ಕೇಳುತ್ತಾ ಹೋದರು. ಜೂನ್ 4ಕ್ಕೆ ಲೇಖನ ವಾಪಸಾಯಿತು. ತಪ್ಪು ಹಬ್ಬಿದ್ದೂ ಬೇಗ, ಸಿಕ್ಕಿಬಿದ್ದದ್ದೂ ಬೇಗ.

ರೋಗಿಯ ಗುಟ್ಟಿನ ವಿಷಯದಲ್ಲಿ ಮಾತ್ರ ನಾನು ರಾಜಿಯಾಗುವವನಲ್ಲ. ಹೆಸರಿನ ಮೇಲೆ ಕಪ್ಪು ಬಳಿದರೆ ಸಾಕು ಅಂದುಕೊಂಡವರಿದ್ದಾರೆ. ಇಸಿಜಿ ಕಾಗದದ ಮೂಲೆಯಲ್ಲಿ ದಿನಾಂಕ, ಸಮಯ, ಆಸ್ಪತ್ರೆಯ ನಂಬರು ಇರುತ್ತದೆ. ಫೋಟೋದ ಫೈಲಿನೊಳಗೇ ತೆಗೆದ ಜಾಗ ಕೂತಿರಬಹುದು. ರೋಗಿಯ ಮಾಹಿತಿಯ ಗೋಪ್ಯತೆ ಕಾಯುವ ಅಮೆರಿಕದ ಹಿಪಾ ಕಾನೂನು ಗುರುತು ಬಿಟ್ಟುಕೊಡುವ 18 ಬಗೆಯ ವಿವರಗಳನ್ನು ಪಟ್ಟಿ ಮಾಡಿದೆ, ಹೆಸರು ಅದರಲ್ಲಿ ಒಂದು ಅಷ್ಟೇ. ನಮ್ಮ ಬಳಿ ನೋವು ಹೇಳಿಕೊಂಡವರು ಚರ್ಚೆಯ ಸರಕಾಗುವುದಕ್ಕೆ ಬಂದವರಲ್ಲ.

ಆ ರಾತ್ರಿಯ ಇಸಿಜಿಯನ್ನು ನಾನು ಹಾಕಿದ್ದು ಐದು ತಿಂಗಳ ಮೇಲೆ, ಅವರು ತಪಾಸಣೆಗೆ ಬಂದಾಗ ಎಲ್ಲ ವಿವರಿಸಿ, ಬರಹದಲ್ಲಿ ಒಪ್ಪಿಗೆ ಪಡೆದು. ತುಂಬ ಜನ ಮೆಚ್ಚಿ ಬರೆದರು. ನಾನು ಎಂದೂ ಕಂಡಿರದ ದೇಶದ ಒಬ್ಬ ತಜ್ಞೆ ಮಾತ್ರ ಇಸಿಜಿಯ ಇನ್ನೊಂದು ಭಾಗವಾದ ಏವಿಆರ್ ಬಗ್ಗೆ ಒಂದೇ ಸಾಲು ಕೇಳಿದ್ದರು: "ಏವಿಆರ್‌ನಲ್ಲಿ ಎಸ್‌ಟಿ ಒಂದು ಮಿಲಿಮೀಟರ್ ಎದ್ದಿದೆ, ನೋಡಿದಿರಾ?"

ಕಾಗದ ತೆಗೆದು ನೋಡಿದೆ. ಎದ್ದಿತ್ತು. ಐದು ತಿಂಗಳಿಂದ ನನ್ನ ಬಳಿಯೇ ಇದ್ದರೂ ನಾನು ನೋಡಿರಲಿಲ್ಲ.