ಟೈಫಾಯ್ಡ್, ಇಟ್ ಸೀಮ್ಸ್

ಹೋದ ಬೇಸಿಗೆಯಲ್ಲಿ ಊರಿಗೆ ಬಂದು, ಕಲಬುರಗಿ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದೆ. ಎರಡನೇ ವಾರ ಜ್ವರ ಹಿಡಿಯಿತು. ಬಂಡಿ ಮುಂದೆ ನಿಂತು ಐಸ್ ಹಾಕಿದ ಕಬ್ಬಿನ ಹಾಲು ಕುಡಿದದ್ದೇ ಕಾರಣ ಅಂತ ಅವ್ವನ ತೀರ್ಪು.

ರಿಪೋರ್ಟ್ ತರಲು ಅಣ್ಣ ಹೋಗಿದ್ದ. ಬಂದವನೇ, "ಟೈಫಾಯ್ಡ್ ಅದಂತ" ಅಂದ. ಮಲಗಿದಲ್ಲೇ ದಿಲ್ಲಿಯ ಮ್ಯಾನೇಜರ್‌ಗೆ ಮೆಸೇಜ್ ಹಾಕಿದೆ: "ಐ ಹ್ಯಾವ್ ಟೈಫಾಯ್ಡ್, ಇಟ್ ಸೀಮ್ಸ್." ಹತ್ತು ದಿನ ರಜೆ ಕೇಳಿದೆ.

ಐದು ನಿಮಿಷಕ್ಕೆ ಫೋನ್. ಸೀಮ್ಸ್ ಅಂದರೇನು, ನಿಮಗೆ ಹಾಗನಿಸುತ್ತಾ, ಮೊದಲು ಟೆಸ್ಟ್ ಮಾಡಿಸಿ! ಟೆಸ್ಟ್ ಆಗಿದೆ, ಕಾಗದ ಕೈಯಲ್ಲೇ ಇದೆ ಅಂದೆ. "ಮತ್ತೆ ಸೀಮ್ಸ್ ಯಾಕೆ ಬರೆದಿರಿ?" ತಲೆ ಸಿಡಿಯುವಾಗ ವ್ಯಾಕರಣ ಯಾರಿಗೆ ಬೇಕು? ರಿಪೋರ್ಟಿನ ಫೋಟೋ ಕಳಿಸಿ ಮಗ್ಗುಲು ಬದಲಿಸಿದೆ.

ಆಮೇಲೆ ಹೊಳೆಯಿತು. ನಾನು ಬರೆದದ್ದು ಸೀಮ್ಸ್ ಅಲ್ಲವೇ ಅಲ್ಲ, ನಮ್ಮ 'ಅಂತ'. ಬೆಂಗಳೂರು ಕಡೆಯವರ 'ಅಂತೆ'. ಬರ್ತಾನಂತ, ಹೋಗ್ಯಾನಂತ, ಸತ್ತಾನಂತ. ಇಲ್ಲಿ ಅನುಮಾನವೇನೂ ಇಲ್ಲ. ನಾ ಕಂಡದ್ದಲ್ಲ, ಯಾರೋ ಹೇಳಿದ್ದು, ಅಷ್ಟೇ. ಇಂಗ್ಲಿಷರ ಸೀಮ್ಸ್ ಹೇಳುವವನ ಅನಿಸಿಕೆ. ಹಾಗೆ ಕಾಣುತ್ತಿದೆ, ಖಾತ್ರಿ ಇಲ್ಲ ಅಂತ ಅರ್ಥ. ಹೆಚ್ಚು ಕಡಿಮೆ ನಮ್ಮ ಊರಲ್ಲಿ ಇಂಗ್ಲಿಷ್ ಮಾತಾಡುವವರೆಲ್ಲ 'ಅಂತ' ಬರುವ ಕಡೆ ಇದನ್ನೇ ಅಂಟಿಸುತ್ತೇವೆ. ನಮ್ಮನಮ್ಮಲ್ಲಿ ಯಾರಿಗೂ ತೊಡಕಾಗುವುದಿಲ್ಲ.

ಸಂಜೆ ಅವ್ವ ತನ್ನ ಥೈರಾಯ್ಡ್ ಗುಳಿಗೆ ಡಬ್ಬಿ ಹಿಡಿದು ಗಂಜಿ ಜೊತೆ ಬಂದಳು. "ನಂದು ಥೈರಾಯ್ಡು, ನಿಂದು ಟೈಫಾಯ್ಡು. ಎರಡೂ ಒಂದೇ ಮನಿವೇನೋ?"

ಬೇರೆ ಕೆಲಸವೂ ಇರಲಿಲ್ಲ, ಫೋನಿನಲ್ಲಿ ಹುಡುಕಿದೆ. ಹೌದು, ಅಡ್ಡಹೆಸರು ಒಂದೇ! ಬಾಲದ ಆ 'ಆಯ್ಡ್' ಗ್ರೀಕರದು. ಅವರ 'ಐಡೋಸ್' ಅಂದರೆ ರೂಪ. ಟೈಫಾಯ್ಡ್ ಅಂದರೆ ಟೈಫಸ್ ಹಂಗ ಇರೋದು. ಟೈಫಸ್ ಹೇನಿನಿಂದಲೂ ಹರಡುವ ಬೇರೆಯೇ ಜ್ವರ, ಟೈಫಾಯ್ಡ್ ಕೆಟ್ಟ ನೀರು, ಊಟದಿಂದ ಬರೋದು. ಮೊದಲಿಗೆ ಎರಡನ್ನೂ ಒಂದೇ ಅಂದುಕೊಂಡಿದ್ದರು. ಅಂದರೆ ನನ್ನ ಕಾಯಿಲೆಯ ಹೆಸರಲ್ಲೇ 'ಹಂಗ ಕಾಣ್ತದ' ಅಂತ ಬರೆದಿದೆ. ಮ್ಯಾನೇಜರ್ ಕೇಳಿದ್ದು ಪೂರ್ತಿ ತಪ್ಪೂ ಅಲ್ಲ ನೋಡಿ.

ಅವ್ವನ ಥೈರಾಯ್ಡ್ ಇನ್ನೂ ಚೆಂದ. ಗ್ರೀಕಿನಲ್ಲಿ 'ಥೈರಾ' ಅಂದರೆ ಬಾಗಿಲು. ಅದರಿಂದ ಬಾಗಿಲಿನಂಥ ದೊಡ್ಡ ಗುರಾಣಿಗೆ ಹೆಸರು ಬಂತು, ಗುರಾಣಿಯಿಂದ ಗಂಟಲಿನ ಮೆದು ಎಲುಬಿಗೆ. ಪಕ್ಕದ ಗ್ರಂಥಿಗೆ 1656ರಲ್ಲಿ ಥಾಮಸ್ ವಾರ್ಟನ್ ಎಂಬ ಇಂಗ್ಲೆಂಡಿನ ವೈದ್ಯ ಅದೇ ಹೆಸರಿಟ್ಟ. ಅವ್ವನಿಗೆ ಹೇಳಿದರೆ ಕುತ್ತಿಗೆ ಮುಟ್ಟಿಕೊಂಡಳು. "ನಮ್ ಕೋಟೆ ಬಾಗಲದಷ್ಟು ದೊಡ್ಡದಿಲ್ಲ ಬಿಡು."

ಸೂರ್ಯನ ಸುತ್ತ ಸುತ್ತುವ ಸಣ್ಣ ಬಂಡೆ, ಆಸ್ಟರಾಯ್ಡೂ ಈ ಮನೆಯದೇ. 1802ರಲ್ಲಿ ವಿಲಿಯಂ ಹರ್ಷೆಲ್ ಇಟ್ಟ ಹೆಸರು. ದುರ್ಬೀನಿನಲ್ಲಿ ಚುಕ್ಕಿ ಹಂಗ ಕಾಣ್ತದೆ, ಚುಕ್ಕಿಯಲ್ಲ. ಇನ್ನು 'ಇಶ್' ಇದೆಯಲ್ಲ, ಫೈವಿಶ್, ಅಂದರೆ ಐದರ ಹತ್ತಿರ ಅನ್ನುವಾಗ ಬರುವ ಇಂಗ್ಲಿಷಿನ ಬಾಲ, ಅದನ್ನು ಅಣ್ಣನಿಗೆ ವಿವರಿಸಬೇಕಾಗಲೇ ಇಲ್ಲ. ಅವನು ಐದಕ್ಕೆ ಬರ್ತೀನಿ ಅಂದರೆ ಯಾವಾಗಲೂ ಏಳಕ್ಕೇ.

ಎಂಟನೇ ದಿನ ಅವ್ವ ಹಣೆ ಮುಟ್ಟಿ ನೋಡಿ, "ಜ್ವರ ಬಿಟ್ಟದ" ಅಂದಳು. ಮ್ಯಾನೇಜರ್‌ಗೆ "ಫೀವರ್ ಈಸ್ ಗಾನ್" ಅಂತ ಟೈಪ್ ಮಾಡಿದೆ. ಬೆರಳು ತಾನಾಗಿ 'ಇಟ್ ಸೀಮ್ಸ್' ಸೇರಿಸಿತು. ಅಳಿಸಿದೆ. ಹೇಳಿದವಳು ಅವ್ವ ತಾನೇ? ಮತ್ತೆ ಸೇರಿಸಿ ಕಳಿಸಿದೆ.