ಸೋತ ಚಾಂಪಿಯನ್ ಕೋಚ್ ಬದಲಿಸಬೇಕಾ?

ನನಗೆ ಬಾಕ್ಸಿಂಗ್ ಹುಚ್ಚು ಅಂತ ಗೊತ್ತಿದ್ದವರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ದೊಡ್ಡ ಚಾಂಪಿಯನ್ ಒಬ್ಬ ಸೋತ ಮಾರನೇ ದಿನವಂತೂ ತಪ್ಪಿದ್ದಲ್ಲ. "ಇನ್ನಾದರೂ ಅವನು ಕೋಚ್ ಬದಲಿಸಬೇಕು, ಅಲ್ವಾ?"

ನಾನು ತಿರುಗಿ ಕೇಳುವುದು ಒಂದೇ. ಆ ಕೋಚ್ ಮಾತನ್ನು ಅವನು ಈಗಲೂ ಕೇಳುತ್ತಾನಾ?

ಮೂರು ನಿಮಿಷದ ರೌಂಡ್ ಮುಗಿದರೆ ಸಿಗುವುದು ಒಂದೇ ನಿಮಿಷ. ಅಷ್ಟರಲ್ಲಿ ಸ್ಟೂಲ್ ಮೇಲೆ ಕೂರಬೇಕು, ನೀರು ಕುಡಿಯಬೇಕು, ಗಾಯಕ್ಕೆ ಮದ್ದು ಹಚ್ಚಿಸಿಕೊಳ್ಳಬೇಕು. ಮಾತಿಗೆ ಉಳಿಯುವುದು ಅರೆಗಳಿಗೆ. ಕೋಚ್ ಎರಡು ಮಾತು ಹೇಳಬಹುದು, ಅಷ್ಟೇ. ಎದುರಿಗಿರುವವನು ಆಗಷ್ಟೇ ಪೆಟ್ಟು ತಿಂದು ಬಂದಿದ್ದಾನೆ, ಅರ್ಧ ಕಿವುಡಾಗಿದ್ದಾನೆ. ಆ ಹೊತ್ತಿನಲ್ಲಿ ಒಳಕ್ಕೆ ಇಳಿಯುವ ದನಿ ಯಾರದ್ದು ಅನ್ನುವುದೇ ಎಲ್ಲ.

1964ರಲ್ಲಿ ಆಗಿನ ಚಾಂಪಿಯನ್ ಸನ್ನಿ ಲಿಸ್ಟನ್ ಎದುರು ಆಡುವಾಗ ಮೊಹಮ್ಮದ್ ಅಲಿಗೆ (ಆಗಿನ್ನೂ ಕ್ಯಾಸಿಯಸ್ ಕ್ಲೇ) ನಾಲ್ಕನೇ ರೌಂಡ್ ಮುಗಿಯುವಷ್ಟರಲ್ಲಿ ಕಣ್ಣು ಉರಿ ಹತ್ತಿತು. ಏನೂ ಕಾಣಿಸದೆ, "ಗ್ಲೌಸ್ ಬಿಚ್ಚಿ, ಸಾಕು" ಅಂದ. ಕೋಚ್ ಏಂಜೆಲೋ ಡಂಡೀ ಅವನ ಕಣ್ಣು ತೊಳೆದು, ಎಬ್ಬಿಸಿ, ರಿಂಗಿನೊಳಕ್ಕೆ ತಳ್ಳಿದ. ಏಳನೇ ರೌಂಡಿಗೆ ಗಂಟೆ ಹೊಡೆದಾಗ ಸ್ಟೂಲ್ ಬಿಟ್ಟು ಏಳದವನು ಲಿಸ್ಟನ್. ಡಂಡೀ 1981ರ ಕೊನೆಯ ಪಂದ್ಯದವರೆಗೂ ಅಲಿಯ ಜೊತೆಗೇ ಇದ್ದ.

ಹಾಗಾದರೆ ಬದಲಿಸಲೇಬಾರದಾ? ಬದಲಿಸಬಹುದು. ಯಾಕೆ ಬದಲಿಸುತ್ತಾನೆ ಅನ್ನುವುದನ್ನು ನೋಡಬೇಕು. ಇದಕ್ಕೆ 2020ರ ಫೆಬ್ರವರಿಯಲ್ಲಿ ಲಾಸ್ ವೇಗಾಸ್‌ನಲ್ಲಿ ನಡೆದ ಒಂದೇ ಪಂದ್ಯ ಸಾಕು. ಒಂದು ಕಡೆ ಟೈಸನ್ ಫ್ಯೂರಿ. ಆವರೆಗೆ ಒಮ್ಮೆಯೂ ಸೋತವನಲ್ಲ. ಮೊದಲ ಸಲ ಡಿಯಾಂಟೇ ವೈಲ್ಡರ್ ಜೊತೆ ಆಡಿದಾಗ ಪಂದ್ಯ ಡ್ರಾ ಆಗಿತ್ತು. ಹಾಗಿದ್ದೂ ಮರುಪಂದ್ಯಕ್ಕೆ ಎರಡು ತಿಂಗಳಿರುವಾಗ ತನ್ನನ್ನು ಮತ್ತೆ ಮೇಲೆತ್ತಿದ ಕೋಚ್ ಬೆನ್ ಡೇವಿಸನ್‌ನನ್ನು ಬಿಟ್ಟು ಶುಗರ್‌ಹಿಲ್ ಸ್ಟೀವರ್ಡ್ ಕಡೆ ಹೋದ. ಇವನಿಗೇನು ತಲೆ ಕೆಟ್ಟಿದೆಯಾ ಅಂತ ನನಗೂ ಅನಿಸಿತ್ತು. ಆದರೆ ಫ್ಯೂರಿಗೆ ಲೆಕ್ಕ ಸ್ಪಷ್ಟವಿತ್ತು. ತಪ್ಪಿಸಿಕೊಂಡು ಪಾಯಿಂಟ್ ಗಳಿಸುವುದು ಅವನಿಗೆ ಗೊತ್ತೇ ಇತ್ತು. ಈ ಸಲ ಮುಂದಕ್ಕೆ ನುಗ್ಗಿ ಕೆಡವಬೇಕಿತ್ತು. ಅದನ್ನು ಕಲಿಸುವವನು ಬೇಕಿತ್ತು. ಶುಗರ್‌ಹಿಲ್ ಅವನಿಗೆ ಹೊಸಬನೂ ಅಲ್ಲ, ಹಿಂದೆಯೇ ಡೆಟ್ರಾಯಿಟ್‌ನ ಕ್ರಾಂಕ್ ಜಿಮ್‌ನಲ್ಲಿ ಪರಿಚಯವಾಗಿತ್ತು. ಏಳನೇ ರೌಂಡಿನಲ್ಲಿ ಪಂದ್ಯ ಮುಗಿಯಿತು.

ಮುಗಿಸಿದ್ದು ಇನ್ನೊಂದು ಕಡೆಯ ಟವೆಲ್. ನಮ್ಮವನು ಇನ್ನು ಆಡಲಾರ, ಪಂದ್ಯ ನಿಲ್ಲಿಸಿ ಅಂತ ರಿಂಗಿಗೆ ಎಸೆಯುವ ಟವೆಲ್. ವೈಲ್ಡರ್‌ನ ಕಾರ್ನರ್‌ನಲ್ಲಿದ್ದ (ರೌಂಡ್ ನಡುವೆ ಆಟಗಾರ ಬಂದು ಕೂರುವ ಮೂಲೆ) ಕೋಚ್ ಮಾರ್ಕ್ ಬ್ರೆಲಂಡ್ ಅದನ್ನು ಎಸೆದಿದ್ದ. ಬ್ರೆಲಂಡ್ 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಪೆಟ್ಟು ಎಲ್ಲಿಯವರೆಗೆ ತಿನ್ನಬಹುದು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವೈಲ್ಡರ್ ಅವನನ್ನು ತೆಗೆದುಹಾಕಿದ. ಆ ಜಾಗಕ್ಕೆ ಬಂದವನು ಗೆಳೆಯ ಮಲಿಕ್ ಸ್ಕಾಟ್. 2014ರಲ್ಲಿ ವೈಲ್ಡರ್ ಮೊದಲ ರೌಂಡಿನಲ್ಲೇ ನಾಕೌಟ್ ಮಾಡಿದ್ದ ಅದೇ ಸ್ಕಾಟ್! ಒಂದು ಮಾತು ಒಪ್ಪಬೇಕು: 2021ರ ಮೂರನೇ ಪಂದ್ಯದಲ್ಲಿ ವೈಲ್ಡರ್ ಚೆನ್ನಾಗಿಯೇ ಆಡಿದ, ನಾಲ್ಕನೇ ರೌಂಡಿನಲ್ಲಿ ಫ್ಯೂರಿಯನ್ನು ಎರಡು ಸಲ ಕೆಡವಿದ. ಆದರೂ ಹನ್ನೊಂದನೇ ರೌಂಡಿನಲ್ಲಿ ಸೋತ. ಜೀವ ಉಳಿಸಿದವನನ್ನು ಅದೇ ಕಾರಣಕ್ಕೆ ಹೊರಗೆ ಹಾಕುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಇದಕ್ಕೆ ತದ್ವಿರುದ್ಧ ಲೆನಾಕ್ಸ್ ಲೂಯಿಸ್. 1994ರಲ್ಲಿ ವೆಂಬ್ಲಿಯಲ್ಲಿ, ಎರಡನೇ ರೌಂಡಿನಲ್ಲಿ, ಆಲಿವರ್ ಮೆಕಾಲ್‌ನ ಒಂದು ಬಲಗೈ ಹೊಡೆತಕ್ಕೆ ಅವನ ಚಾಂಪಿಯನ್ ಬೆಲ್ಟ್ ಹೋಯಿತು. ಮೆಕಾಲ್‌ನನ್ನು ತಯಾರು ಮಾಡಿದ್ದವನು ಇಮ್ಯಾನುಯೆಲ್ ಸ್ಟೀವರ್ಡ್, ಶುಗರ್‌ಹಿಲ್‌ನ ಸೋದರಮಾವ. ಲೂಯಿಸ್ ಏನು ಮಾಡಿದ? ತನ್ನ ಕೋಚನ್ನು ಬಿಟ್ಟು ಸ್ಟೀವರ್ಡ್‌ನನ್ನೇ ಕರೆದುಕೊಂಡ. ನನ್ನ ಬೀಗ ಒಡೆದವನಿಗೇ ಕೀಲಿ ಎಲ್ಲಿ ಸಡಿಲ ಅಂತ ಗೊತ್ತಿರುತ್ತದೆ, ಅಲ್ವಾ? ಅವನು ಹೇಳುವುದು ಕಹಿ ಅಂತ ಗೊತ್ತಿದ್ದೇ ಕೇಳಲು ಹೋದ. 1997ರಲ್ಲಿ ಮೆಕಾಲ್‌ನನ್ನೇ ಸೋಲಿಸಿ ಬೆಲ್ಟ್ ವಾಪಸ್ ತಂದ.

ಮೈಕ್ ಟೈಸನ್ ಕಥೆ ನಿಮಗೆ ಗೊತ್ತಿರಬಹುದು. ಇಪ್ಪತ್ತನೇ ವಯಸ್ಸಿಗೆ ಚಾಂಪಿಯನ್ ಆದವನು, 1988ರಲ್ಲಿ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದವನು, ಅದೇ ವರ್ಷ ಕೋಚ್ ಕೆವಿನ್ ರೂನಿಯನ್ನು ಬಿಟ್ಟ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಹೊಡೆತಕ್ಕೆ ಅವನ ಕಣ್ಣು ಊದಿಕೊಂಡಿತು. ಊತ ಒತ್ತಿ ಇಳಿಸಲು ತಣ್ಣಗಿನ ಲೋಹದ ತುಂಡು ಇಟ್ಟುಕೊಳ್ಳುವುದು ಯಾವ ಕಾರ್ನರ್‌ನಲ್ಲೂ ಮಾಮೂಲು. ಅವನ ಹೊಸ ತಂಡದ ಹತ್ತಿರ ಅದೇ ಇರಲಿಲ್ಲ. ರಬ್ಬರ್ ಗ್ಲೌಸ್‌ನಂಥದ್ದಕ್ಕೆ ತಣ್ಣೀರು ತುಂಬಿ ಒತ್ತುತ್ತಾ ಕೂತರು. ಹತ್ತನೇ ರೌಂಡಿನಲ್ಲಿ ಟೈಸನ್ ನೆಲಕ್ಕೆ ಬಿದ್ದ. ರೂನಿ ಇದ್ದಿದ್ದರೆ ಗೆಲ್ಲುತ್ತಿದ್ದನಾ? ಆ ವಾದ ಬೇಡ, ಡಗ್ಲಸ್ ಅವತ್ತು ಅಷ್ಟು ಚೆನ್ನಾಗಿ ಆಡಿದ. ಆದರೆ ಆ ರಬ್ಬರ್ ಗ್ಲೌಸ್ ನೋಡಿದರೆ ಅಲ್ಲಿ ಕೆಲಸ ಬಲ್ಲವರು ಇರಲಿಲ್ಲ ಅಂತ ಗೊತ್ತಾಗುತ್ತದೆ.

ಸೋತಾಗಲೆಲ್ಲ ಬದಲಿಸುತ್ತಾ ಹೋದರೆ ಇನ್ನೊಂದು ತೊಂದರೆ. ಹೊಸ ಕೋಚ್ ಕಲಿಸಿದ್ದು ಜಿಮ್‌ನಲ್ಲಿ ಬೇಗ ಬರುತ್ತದೆ. ರಿಂಗಿನಲ್ಲಿ ಜೋರು ಪೆಟ್ಟು ಬಿದ್ದ ಕೂಡಲೇ ಮೈ ಹಳೇ ಅಭ್ಯಾಸಕ್ಕೆ ಓಡುತ್ತದೆ. ಆಂಟನಿ ಜೋಶುವಾ 2021ರಲ್ಲಿ ಉಸಿಕ್‌ಗೆ ಸೋತ ಮೇಲೆ ಕೋಚ್ ಬದಲಿಸಿ 2022ರಲ್ಲಿ ಮತ್ತೆ ಉಸಿಕ್‌ಗೇ ಸೋತ. ಮುಂದಿನ ವರ್ಷ ಇನ್ನೊಬ್ಬ, ಅದೇ ವರ್ಷ ಮತ್ತೊಬ್ಬ.

ನನಗೆ ಇಷ್ಟದ ಉದಾಹರಣೆ ವ್ಲಾಡಿಮಿರ್ ಕ್ಲಿಚ್ಕೋ. 2003ರಲ್ಲಿ ಸೋತ. ಅವನೂ ಸ್ಟೀವರ್ಡ್ ಹತ್ತಿರ ಹೋದ. ಹೋದ ಮೇಲೆ, 2004ರಲ್ಲಿ, ಲಾಮನ್ ಬ್ರೂಸ್ಟರ್ ಎದುರು ಮತ್ತೆ ಸೋತ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಸ್ಟೀವರ್ಡ್‌ಗೆ ಕೈ ಮುಗಿದುಬಿಡುತ್ತಿದ್ದರು. ಇವನು ಬಿಡಲಿಲ್ಲ. ಎಡಗೈ ಜ್ಯಾಬ್ (ನೇರಕ್ಕೆ ಚಾಚುವ ಚುರುಕು ಹೊಡೆತ), ಎತ್ತರದ ಲಾಭ, ಹತ್ತಿರ ಬಂದರೆ ತಬ್ಬಿ ಹಿಡಿ: ಇದನ್ನೇ ಮತ್ತೆ ಮತ್ತೆ ತಿದ್ದಿದರು. 2005ರಲ್ಲಿ ಸ್ಯಾಮ್ಯುಯೆಲ್ ಪೀಟರ್ ಅವನನ್ನು ಮೂರು ಸಲ ಕೆಡವಿದರೂ ಎದ್ದು ಗೆದ್ದ. ನೋಡಲು ಕೆಲವೊಮ್ಮೆ ಬೇಜಾರು ಬರುತ್ತಿತ್ತು, ನಿಜ. 2015ರಲ್ಲಿ ಫ್ಯೂರಿ ಸೋಲಿಸುವವರೆಗೆ ಅವನನ್ನು ಮತ್ಯಾರೂ ಸೋಲಿಸಲಿಲ್ಲ.

ನಡುವೆ, 2012ರ ಅಕ್ಟೋಬರ್‌ನಲ್ಲಿ, ಸ್ಟೀವರ್ಡ್ ತೀರಿಕೊಂಡ. ಮುಂದಿನ ಪಂದ್ಯ ನವೆಂಬರ್ 10ಕ್ಕೆ. ಹೆಸರಾಂತ ಕೋಚ್ ಯಾರನ್ನು ಕರೆದರೂ ಬರುತ್ತಿದ್ದರು. ಕ್ಲಿಚ್ಕೋ ಕರೆದದ್ದು ತನ್ನ ಜೊತೆ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡುತ್ತಿದ್ದ, ಸ್ಟೀವರ್ಡ್ ಕೈಯಲ್ಲೇ ಪಳಗಿದ್ದ ಜೋನಥನ್ ಬ್ಯಾಂಕ್ಸ್‌ನನ್ನು. ಬ್ಯಾಂಕ್ಸ್ ಆಗಿನ್ನೂ ತಾನೇ ಆಡುತ್ತಿದ್ದ. ಅವತ್ತು ಕಾರ್ನರ್‌ನಲ್ಲಿ ನಿಂತು ಕ್ಲಿಚ್ಕೋನನ್ನು ಗೆಲ್ಲಿಸಿದ. ಒಂದು ವಾರ ಬಿಟ್ಟು ತಾನೇ ರಿಂಗಿಗೆ ಇಳಿದು ಸೇಥ್ ಮಿಚೆಲ್‌ನನ್ನು ಎರಡನೇ ರೌಂಡಿನಲ್ಲಿ ಕೆಡವಿದ.