ಹೇಳಿ ಬರೆಸಿದ ಉತ್ತರಗಳು

ನನಗೆ ಕಣ್ಣು ಕಾಣುವುದಿಲ್ಲ. ಬಿ.ಎ.ಗೆ ಸೇರುವಾಗ ಬೆರಳಲ್ಲಿ ಮುಟ್ಟಿ ಓದುವ ಬ್ರೈಲ್ ಬರುತ್ತಿತ್ತು. ಪರದೆಯ ಮೇಲಿನದನ್ನು ಓದಿ ಹೇಳುವ ಮೊಬೈಲಿನ ಟಾಕ್‌ಬ್ಯಾಕ್ ಬರುತ್ತಿತ್ತು. ಬಾಗಲಕೋಟೆ ನವನಗರದ ಸೆಕ್ಟರುಗಳಲ್ಲಿ ಕೋಲು ಹಿಡಿದು ಒಬ್ಬನೇ ಓಡಾಡುವುದೂ ಗೊತ್ತಿತ್ತು. ಆದರೆ ಮೂರು ತಾಸಿನ ಪತ್ರಿಕೆಗೆ ಇನ್ನೊಬ್ಬರ ಕೈಯಿಂದ ಉತ್ತರ ಬರೆಸುವುದು ಹೇಗೆಂದು ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ನಮ್ಮ ಈ ಕಾಲೇಜು.

ನಿಯಮಗಳೇನೋ ಇದ್ದವು. ಕೇಂದ್ರ ಸರಕಾರದ 2018ರ ಮಾರ್ಗಸೂಚಿ ಪ್ರಕಾರ ನಮಗೆ ತಾಸಿಗೆ ಕನಿಷ್ಠ 20 ನಿಮಿಷ ಜಾಸ್ತಿ ಸಮಯ ಸಿಗಬೇಕಿತ್ತು. ಅಂದರೆ ಮೂರು ತಾಸಿನ ಪತ್ರಿಕೆಗೆ ನಾಲ್ಕು ತಾಸು. ಸ್ಕ್ರೈಬನ್ನು, ಅಂದರೆ ನಾವು ಹೇಳಿದ್ದನ್ನು ಬರೆಯುವವರನ್ನು, ನಾವೇ ಕರೆತಂದರೆ ಅವರ ಓದು ನಮಗಿಂತ ಒಂದು ಹಂತ ಕೆಳಗಿರಬೇಕಿತ್ತು. ಪರೀಕ್ಷೆ ನಡೆಸುವವರೇ ಕೊಟ್ಟರೆ ಎರಡು ದಿನ ಮುಂಚೆ ಭೇಟಿ ಮಾಡಿಸಬೇಕಿತ್ತು. ಆದರೆ ಎರಡು ದಿನದಲ್ಲಿ ಎಷ್ಟು ಹೊಂದಿಕೊಳ್ಳಲು ಆಗುತ್ತದೆ?

ಇತಿಹಾಸದ ಮೇಡಂ ಇದನ್ನು ಚೆನ್ನಾಗಿ ಅರಿತಿದ್ದರು. "ತಮ್ಮಾ, ನಿನಗ ಏನ್ ಬೇಕು, ನೀನ ಹೇಳಪಾ" ಎಂದರು. ಜೊತೆಗೆ ಅಪ್ಪ ನಿಂತಿದ್ದರೂ ಕೇಳಿದ್ದು ನನ್ನನ್ನೇ. ಸ್ಕ್ರೈಬ್ ಬೇಕೆಂದೆ. ಅದೇ ತಿಂಗಳು ಪಿಯುಸಿ ಕಾಮರ್ಸ್ ಓದುತ್ತಿದ್ದ ಒಬ್ಬ ಹುಡುಗಿಯನ್ನು ಒಪ್ಪಿಸಿದರು. ಶನಿವಾರ ಕ್ಲಾಸು ಮುಗಿದ ಮೇಲೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ನಮ್ಮ ಅಭ್ಯಾಸ.

ಮೊದಲು ಪ್ರಶ್ನೆಪತ್ರಿಕೆ ಪೂರ್ತಿ ಓದಿಸಿಕೊಳ್ಳಬೇಕು. ಬಾಯಿ ತೆರೆಯುವ ಮುಂಚೆ ಉತ್ತರದ ಅಂಶಗಳನ್ನು ಬೆರಳಲ್ಲಿ ಎಣಿಸಿಕೊಳ್ಳಬೇಕು. ಬರೆದದ್ದನ್ನು ಮತ್ತೆ ಮತ್ತೆ ಓದಿಸಿದರೆ ಸಮಯ ಹೋಗುತ್ತದೆ, ಅಲ್ವಾ? ಅರ್ಧ ವಾಕ್ಯ ಹೇಳಿ, ಪೆನ್ನಿನ ಸಪ್ಪಳ ನಿಂತ ಮೇಲೆ ಉಳಿದದ್ದು ಹೇಳಬೇಕು. ಇಮ್ಮಡಿ ಪುಲಕೇಶಿ ಅವಳಿಗೆ ಗೊತ್ತು. ನಮ್ಮದೇ ಜಿಲ್ಲೆಯ ಐಹೊಳೆ ಶಾಸನ, ಅದನ್ನು ರಚಿಸಿದ ರವಿಕೀರ್ತಿ, 634ನೇ ಇಸವಿ, ಇವೆಲ್ಲ ಹೊಸವು. ಅಂಥ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳುವುದು ರೂಢಿಯಾಯಿತು. "ಅಣ್ಣಾರ, ಸ್ವಲ್ಪ ನಿಲ್ರಿ, ಕೈ ನೋಯಾಕತ್ತೈತಿ" ಎಂದಾಗ ನಿಲ್ಲುತ್ತಿದ್ದೆ. ನಾಲ್ಕು ತಾಸು ಬರೆಯುವುದು ಸಣ್ಣ ಕೆಲಸವಲ್ಲ. ಅವಳ ಋಣ ನನ್ನ ಮೇಲೆ ದೊಡ್ಡದಿದೆ.

ಮುಂದೆ ಬೇರೊಂದು ಪರೀಕ್ಷಾ ಕೇಂದ್ರದಲ್ಲಿ ನಮ್ಮನ್ನು ಎಲ್ಲರ ನಡುವೆ ಕೂರಿಸಿದರು. ಗಟ್ಟಿಯಾಗಿ ಹೇಳಿದರೆ ಬೈಗುಳ, ಮೆಲ್ಲಗೆ ಹೇಳಿದರೆ ಬರೆಯುವವರಿಗೆ ಕೇಳದು. ನಮ್ಮ ಕಾಲೇಜು ಕೇಳದೆಯೇ ಬೇರೆ ಕೋಣೆ ಕೊಟ್ಟಿತ್ತು. ಅದರ ಬೆಲೆ ಅವತ್ತು ತಿಳಿಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಓದು-ಬರಹ ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಯೂ ಅದರಲ್ಲಿದೆ. ನನ್ನ ಕೋಲು ಎಲ್ಲರಿಗೂ ಕಾಣುತ್ತದೆ. ಈ ಮಕ್ಕಳ ಕಷ್ಟ ಕಾಣುವುದಿಲ್ಲ, ಸುಮ್ನೆ ದಡ್ಡರು ಅನ್ನಿಸಿಕೊಂಡು ಕೂರುತ್ತಾರೆ. ಅಡ್ಮಿಷನ್ ಆದಾಗಲೇ ಅವರನ್ನೂ ಕರೆದು ಏನು ಬೇಕೆಂದು ಕೇಳಿ ಎಂದು ಈಗಿನ ಅಧ್ಯಾಪಕರಲ್ಲಿ ನನ್ನ ವಿನಂತಿ. ಸ್ಕ್ರೈಬನ್ನೂ ಅದೇ ತಿಂಗಳು ಗೊತ್ತುಮಾಡಿ. ಬರೆಯುವ ಪಿಯುಸಿ ಮಕ್ಕಳಿಗೆ ಕಾಲೇಜಿನಿಂದ ಒಂದು ಪ್ರಮಾಣಪತ್ರ ಕೊಡಿ. ಶನಿವಾರದ ಅಭ್ಯಾಸ ಮಾಡಿಸಲು ನಾನು ಬರುತ್ತೇನೆ.